ದೊಡ್ಡಮ್ಮನ ಮನೆಯಲ್ಲಿ ಉಂಡವನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಮಸ್ಕತ್ತಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸುಗಳಿಗೆಲ್ಲ ಇದು ಗೊತ್ತು. ಆದ್ದರಿಂದಲೇ ನಾನು ಮೋಟಾರ್ ಸೈಕಲ್ ಕೊಳ್ಳುತ್ತೇನೆ ಅಂದಾಗ ರೂಮಿನ ಮಲಯಾಳಿ ಹುಡುಗಿಯರು ನಗಲಿಲ್ಲ, ಸುಮ್ಮನೆ ಮುಖ ಮುಖ ನೋಡಿಕೊಂಡರು.

ಬೈಕು ನನಗೆ ಹೊಸದಲ್ಲ. ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ, ಓದಿದ್ದು ಮಾತ್ರ ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಗಣಿ ಮುಚ್ಚಿದ ಮೇಲೆ ದೊಡ್ಡಪ್ಪ ಹಳ್ಳಿಯ ಹಾಲನ್ನು ಕ್ಯಾನಿನಲ್ಲಿ ತುಂಬಿ ಬೈಕಿನ ಎರಡೂ ಕಡೆ ನೇತುಹಾಕಿಕೊಂಡು ಬಂದು ಗಣಿ ಕೆಲಸಗಾರರ ಲೈನ್ ಮನೆಗಳಿಗೆ ಹಾಕುತ್ತಿದ್ದ. ಅವನಿಗೆ ಬೆನ್ನು ಹಿಡಿದುಕೊಂಡಾಗ ಆ ಬೈಕನ್ನು ಓಡಿಸಿದವಳು ನಾನು. ತುಂಬಿದ ಕ್ಯಾನುಗಳ ಜೊತೆ ತಿರುವಿನಲ್ಲಿ ಬೈಕ್ ಬಗ್ಗಿಸಲು ಬಂದವರಿಗೆ ಯಾವ ದೇಶದ ರಸ್ತೆಯೂ ಕಷ್ಟವಲ್ಲ. ಆದರೂ ಮಸ್ಕತ್ತಿನಲ್ಲಿ ಮತ್ತೆ ಪರೀಕ್ಷೆ ಕೊಟ್ಟೆ, ಲೈಸೆನ್ಸ್ ತಗೊಂಡೆ, ಊರಿಗೆ ಹೊರಟಿದ್ದ ಒಬ್ಬರಿಂದ ಹಳೆಯ ಬೈಕ್ ಕೊಂಡೆ.

ಶುಕ್ರವಾರ ರಜೆ. ಬಿಸಿಲು ಏರುವ ಮೊದಲೇ ಹೊರಟರೆ ಊರಾಚೆ ಬರೀ ಬೋಳು ಗುಡ್ಡಗಳು, ನಡುವೆ ನುಣ್ಣನೆ ರಸ್ತೆ. ನಮ್ಮ ಕಡೆಯ ಬಂಡೆಗುಡ್ಡಗಳೇ, ಆದರೆ ಒಂದು ಸೀತಾಫಲದ ಗಿಡವೂ ಇಲ್ಲ. ಈ ಚಂದವನ್ನೆಲ್ಲ ಯಾರಿಗೆ ಹೇಳಲಿ? ಹೆಲ್ಮೆಟ್ಟಿನ ಗಲ್ಲಕ್ಕೆ ಒಂದು ಪುಟ್ಟ ಕ್ಯಾಮೆರಾ ಅಂಟಿಸಿದೆ, ಒಳಗೆ ಬಾಯಿಯ ಹತ್ತಿರ ಮೈಕ್ ಸಿಕ್ಕಿಸಿದೆ, ಮಾತಾಡುತ್ತಾ ಹೋದೆ. ಮನೆಗೆ ಬಂದು ನೋಡಿದರೆ ಬರೀ ಗಾಳಿ. ಗಿರಣಿಯಲ್ಲಿ ನಿಂತು ರಾಗಿ ಬೀಸಿಸುತ್ತಾ ಯಾರೋ ಕಿರುಚಿದ ಹಾಗೆ ನನ್ನ ದನಿ. ಮೈಕಿಗೆ ಸ್ಪಂಜ್ ಸುತ್ತಿದೆ, ಜಾಗ ಬದಲಿಸಿದೆ, ಕೊನೆಗೆ ಕೆನ್ನೆಯ ಪ್ಯಾಡಿನ ಒಳಗೆ ತುರುಕಿದ ಮೇಲೆ ಮಾತು ಕೇಳಿಸಿತು. ನನ್ನದೇ ಒಂದು ಚಾನೆಲ್ ತೆರೆದು ವಿಡಿಯೋ ಹಾಕಿದೆ.

ಕೇಳಿಸಿದ್ದೇ ತಪ್ಪಾಯಿತು. ನಾನು ಮಾತಾಡುವುದು ನಮ್ಮೂರ ಮಾತು. ನೋಡಿದವರೇ ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ನನ್ನ ಕನ್ನಡ ತಿದ್ದುವ ಕೆಲಸ. ಮೊದಲು ಸರಿಯಾಗಿ ಮಾತಾಡೋದು ಕಲಿ ಅಂತ ಒಬ್ಬ. ಇದು ಕನ್ನಡವೋ ತೆಲುಗೋ ಅಂತ ಇನ್ನೊಬ್ಬ. ಹೆಣ್ಣುಮಗಳು ಅರಬ್ ದೇಶದಲ್ಲಿ ಬೈಕ್ ಓಡಿಸುತ್ತಾ ಬೆಟ್ಟ ಹತ್ತುತ್ತಿದ್ದಾಳೆ, ನಿಮ್ಮ ಕಣ್ಣಿಗೆ ಕಂಡದ್ದು ಇಷ್ಟೇನಾ? ಬಾಯಿಗೆ ಬಂದದ್ದನ್ನೆಲ್ಲ ಬರೆದು ಅಳಿಸಿದೆ. ಎಲ್ಲಿಂದ ಬಂದವಳು ಅಂತ ಕೇಳಿದವರಿಗೆ ಕೆಜಿಎಫ್ ಅಂದೆ. ತಗೋ, ಆಮೇಲೆ ಮಸ್ಕತ್ತೂ ಬೇಡ, ಬೆಟ್ಟವೂ ಬೇಡ, ಎಲ್ಲರದೂ ಒಂದೇ ರಾಗ. ಕೆಜಿಎಫ್ ತೋರಿಸಿ, ಕೆಜಿಎಫ್ ತೋರಿಸಿ.

ಆಗಲೇ ಆ ಮಹಾಶಯ ಸಿಕ್ಕಿದ್ದು. ಬೈಕಿನ ಮೇಲೆ ದೇಶ ಸುತ್ತಿ ವಿಡಿಯೋ ಹಾಕುವ ದೊಡ್ಡ ಕನ್ನಡ ಚಾನೆಲ್ ಅವನದು. ಹೆಸರು ಹೇಳುವುದಿಲ್ಲ. ಮೈಕಿನ ವಿಷಯ ಕೇಳಲು ನಾನೇ ಅವನಿಗೆ ಬರೆದೆ. ಪುಣ್ಯಾತ್ಮ, ಆಗ ಚೆನ್ನಾಗಿಯೇ ಉತ್ತರ ಕೊಟ್ಟ. ಯಾವ ಕ್ಯಾಮೆರಾ, ಹೇಗೆ ಎಡಿಟ್ ಮಾಡಬೇಕು, ಮೊದಲ ನಿಮಿಷದಲ್ಲಿ ಏನು ಹೇಳಬೇಕು, ಎಲ್ಲ ಹೇಳಿಕೊಟ್ಟ. ರಜೆಗೆ ಊರಿಗೆ ಬಂದಾಗ ಹೇಳಿ, ಇಬ್ಬರೂ ಸೇರಿ ಕೆಜಿಎಫ್ ರೈಡ್ ಮಾಡೋಣ, ನನ್ನ ವಿಡಿಯೋದಲ್ಲಿ ನಿಮ್ಮ ಚಾನೆಲ್ ತೋರಿಸುತ್ತೇನೆ ಅಂದ. ನನಗೆ ರೆಕ್ಕೆ ಬಂದ ಹಾಗಾಯಿತು, ಸುಳ್ಳೇಕೆ ಹೇಳಲಿ.

ಅವರೆಕಾಯಿ ಕಾಲದಲ್ಲಿ ರಜೆ ಸಿಕ್ಕಿತು. ಅಣ್ಣನ, ಅಂದರೆ ದೊಡ್ಡಮ್ಮನ ಮಗನ ಬೈಕ್ ತಗೊಂಡು ಬಂಗಾರಪೇಟೆಗೆ ಹೋಗಿ ಅವನನ್ನು ಎದುರುಗೊಂಡೆ. ಅವನ ಬೈಕಿನ ಗಾತ್ರ ನೋಡಿ ಸ್ಟೇಷನ್ ಹತ್ತಿರದ ಆಟೋದವರೆಲ್ಲ ಸುತ್ತ ಸೇರಿದರು. ಊರಿಗೆ ಹೆಸರು ತಂದ ಪಾನಿಪುರಿ ಬೆಳಗ್ಗೆಯೇ ಬೇಕು ಅಂದ. ಗಾಡಿಯವರು ಬರುವುದು ಸಂಜೆಗೆ ಅಂತ ಹೇಳಿ ಕರೆದುಕೊಂಡು ಹೊರಟೆ. ಗಣಿಯ ಮಣ್ಣು ಸುರಿದು ಗುಡ್ಡವಾದ ಸೈನೈಡ್ ದಿಬ್ಬದ ಹತ್ತಿರ ನಿಂತು ಹಿಂದೆ ಮುಂದೆ ಓಡಾಡಿ ಶೂಟ್ ಮಾಡಿಕೊಂಡ. ಕೋರಮಂಡಲ್ ಮುಟ್ಟಿದಾಗ ಹನ್ನೊಂದು ಗಂಟೆ ಇರಬಹುದು.

ಹಗಲು ಹನ್ನೊಂದಕ್ಕೆ ಕೋರಮಂಡಲ್ ಲೈನಿನಲ್ಲಿ ಯಾರಿರುತ್ತಾರೆ? ಬೆಳಗಿನ ಟ್ರೇನಿಗೆ ಅರ್ಧ ಊರು ಬೆಂಗಳೂರಿಗೆ ಹೋಗಿರುತ್ತದೆ. ಅಣ್ಣನೂ ಅದೇ ಟ್ರೇನಿನವನು, ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋಗಿರುತ್ತಾಳೆ. ಲೈನಿನ ಮಕ್ಕಳು ಶಾಲೆಗೆ. ಸಂಜೆ ಬಂದು ನೋಡಿದರೆ ಬೈಕ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಇದನ್ನೆಲ್ಲ ನಾನು ಅವನಿಗೆ ಹೇಳಿದೆ, ಹೂಂ ಹೂಂ ಅಂದ.

ದೊಡ್ಡಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಇದುಕುತ್ತಿದ್ದಳು. ಹಿಂದಿನ ದಿನವೇ ನೆನೆಹಾಕಿ, ಒಂದೊಂದೇ ಕಾಳು ಹಿಚುಕಿ ಸಿಪ್ಪೆ ಬಿಡಿಸುವ ಕೆಲಸ ಅದು. ಬೆರಳ ತುದಿ ಸುಕ್ಕಾಗಿ ಬೆಳ್ಳಗಾಗುತ್ತದೆ. ಮನೆಯವರಿಗೆ ಅಂತ ಯಾರೂ ದಿನಾ ಅಷ್ಟು ಕಷ್ಟ ಪಡುವುದಿಲ್ಲ. ನೆಂಟರು ಬರುತ್ತಾರೆ ಅಂದರೆ ಇದುಕಿದ ಬೇಳೆ ಸಾರು. ಹಸುವಿನ ಕೆಲಸ ಮುಗಿಸಿ ಕೂತಿದ್ದರಿಂದ ಹಳೇ ಸೀರೆಯಲ್ಲಿದ್ದಳು. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡು, “ಬಾಪ್ಪ, ಬಾ. ಬಿಸ್ಲಲ್ಲಿ ಬಂದಿದ್ಯ, ಕೈಕಾಲು ತೊಳ್ಕೊ. ಸಾರಾಗೋಯ್ತು ಅನ್ನು” ಅಂದಳು. ಅವನು ಕ್ಯಾಮೆರಾ ಹಿಡಿದು ಅವಳ ಕೈಯನ್ನೂ ಸೀರೆಯನ್ನೂ ಖಾಲಿ ಬೀದಿಯನ್ನೂ ಬಹಳ ಹೊತ್ತು ಶೂಟ್ ಮಾಡಿದ. ದೊಡ್ಡಮ್ಮ ನಾಚಿಕೊಂಡು ನಕ್ಕಳು. ಆಮೇಲೆ ಒಳಗೆ ಕೂತು ಉಂಡ. ಹೊರಡುವಾಗ ಅವಳ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದ.

ಒಂದು ವಾರಕ್ಕೆ ವಿಡಿಯೋ ಬಂತು. ನಾವೆಲ್ಲ ರಾತ್ರಿ ಊಟ ಮುಗಿಸಿ ಟಿವಿಗೆ ಹಾಕಿಕೊಂಡು ಕೂತೆವು. ದೆವ್ವದ ಊರು ಅಂತ ತಲೆಬರಹ. ಸೈನೈಡ್ ದಿಬ್ಬ, ಪಾಳು ಕಟ್ಟಡ, ಖಾಲಿ ಲೈನು. ಇಲ್ಲಿ ಈಗ ಯಾರೂ ವಾಸ ಮಾಡುವುದಿಲ್ಲ ಅಂದಿತು ಅವನ ದನಿ. ನಾವು ನಾಲ್ಕು ಜನ ಅದೇ ಲೈನಿನ ಮನೆಯಲ್ಲಿ ಕೂತು ಕೇಳಿಸಿಕೊಂಡೆವು. ಆಮೇಲೆ ದೊಡ್ಡಮ್ಮ ಬಂದಳು. ಸುಕ್ಕಾದ ಬೆರಳು, ಹಳೇ ಸೀರೆ, ಹಿಂದೆ ಪಿಟೀಲು. ಮಕ್ಕಳು ಕೈಬಿಟ್ಟ ಈ ಅಜ್ಜಿ ಹೊಟ್ಟೆಗಾಗಿ ಒಂದೊಂದೇ ಕಾಳು ಆರಿಸಿಕೊಳ್ಳುತ್ತಿದ್ದಾಳೆ, ಎಷ್ಟು ದಿನದಿಂದ ಹಸಿದಿದ್ದಾಳೋ ಅಂತ ಅವನು ಗದ್ಗದನಾಗಿ ಹೇಳಿದ. ಅಯ್ಯೋ ನಿನ್ನ ಬಾಯಿಗೆ ಹುಳ ಬೀಳ! ಆ ಕಾಳು ಇದುಕುತ್ತಿದ್ದದ್ದು ನಿನ್ನ ಹೊಟ್ಟೆಗೆ ಕಣೋ!

ಅವನು ಉಂಡದ್ದು ಒಂದು ತುಣುಕೂ ಇರಲಿಲ್ಲ. ನನ್ನ ಚಾನೆಲ್ ಹೆಸರು ಮಾತ್ರ, ಹೇಳಿದ್ದ ಹಾಗೆ, ಕೆಳಗೆ ಬರೆದಿದ್ದ.

ಫೋನ್ ಮಾಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. “ಮೇಡಂ, ನೀವು ತುಂಬಾ ಎಮೋಷನಲ್ ಆಗ್ತಿದೀರ. ಸ್ಟೋರಿ ಅಂದ್ಮೇಲೆ ಸ್ವಲ್ಪ ಫೀಲ್ ಬೇಕಲ್ವಾ? ಆಂಟಿಗೆ ಜನ ಹೆಲ್ಪ್ ಮಾಡ್ತೀವಿ ಅಂತ ಬರೀತಿದಾರೆ, ಒಳ್ಳೇದೇ ತಾನೆ? ನಿಮ್ಮ ಚಾನೆಲ್‌ಗೂ ಎಷ್ಟು ಜನ ಬಂದ್ರು, ನೋಡಿದ್ರಾ?” ಅಂದ. ಬಂದಿದ್ದರು. ಮಸ್ಕತ್ತಿನಲ್ಲಿ ಎರಡು ಚಳಿಗಾಲ ಗಂಟಲು ಹರಿದುಕೊಂಡರೂ ಬಾರದ ಜನ ದೊಡ್ಡಮ್ಮನ ಹಸಿವು ನೋಡಲು ಒಂದೇ ದಿನದಲ್ಲಿ ಬಂದಿದ್ದರು. ತೆಗೆದುಹಾಕು ಅಂದೆ. ಆಗಲ್ಲ ಅಂದ. ನಾನು ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮುಂದಿನ ಭಾನುವಾರ ಕಾರಿನಲ್ಲಿ ಇಬ್ಬರು ಯುವಕರು ಬಂದರು. ಪಾಪ, ಒಳ್ಳೆಯ ಹುಡುಗರೇ. ವಿಡಿಯೋ ನೋಡಿ ಸಹಾಯಕ್ಕೆ ಬಂದರಂತೆ, ಡಿಕ್ಕಿಯಿಂದ ಅಕ್ಕಿ ಮೂಟೆ ಇಳಿಸಿ ಹೊಸಿಲ ಹತ್ತಿರ ಇಟ್ಟರು. ದೊಡ್ಡಮ್ಮ ಹೊರಗೆ ಬಂದು ಮೂಟೆ ನೋಡಿದಳು, ಅವರನ್ನು ನೋಡಿದಳು. “ಯಾರು ಸತ್ತೋದ್ರು ಅಂತ ಅಕ್ಕಿ ತಂದ್ರಪ್ಪಾ?” ಅಂದಳು. ನಮ್ಮಲ್ಲಿ ಹೆಣ ಎತ್ತುವ ಮೊದಲು ನೆಂಟರಿಷ್ಟರು ಬಂದು ಸತ್ತವರ ಬಾಯಿಗೆ ಅಕ್ಕಿ ಹಾಕುತ್ತಾರೆ. ಕರೆಯದೆ ಯಾರಾದರೂ ಅಕ್ಕಿ ಹಿಡಿದು ಬಾಗಿಲಿಗೆ ಬರುವುದು ಆವತ್ತೇ. ಹುಡುಗರಿಗೆ ಅರ್ಥವಾಗಲಿಲ್ಲ, ಪೆಚ್ಚಾಗಿ ನಿಂತರು. ದೊಡ್ಡಮ್ಮ ಅವರನ್ನು ಒಳಗೆ ಕರೆದು ಕೂರಿಸಿ, ಊಟ ಹಾಕಿ, ಮೂಟೆಯನ್ನು ಅಣ್ಣನ ಕೈಲಿ ಮತ್ತೆ ಡಿಕ್ಕಿಗೆ ಹಾಕಿಸಿ ಕಳಿಸಿದಳು. ಅವರು ಹೋದ ಮೇಲೆ ಎದುರುಮನೆಯಾಕೆ ಸೊಂಟಕ್ಕೆ ಕೈ ಕೊಟ್ಟು, “ಎನ್ನಕ್ಕಾ, ಉನಕ್ಕು ಸಾಪ್ಪಾಡು ಇಲ್ಲಿಯಾಮೇ?” ಅಂದಳು. ನಿನಗೆ ಊಟಕ್ಕಿಲ್ಲವಂತೆ ಅನ್ನುವ ಆ ತಮಿಳು ತಮಾಷೆಗೆ ಲೈನೆಲ್ಲ ನಕ್ಕಿತು. ದೊಡ್ಡಮ್ಮನೂ ನಕ್ಕಳು.

ಅತ್ತಿಗೆ ನಗಲಿಲ್ಲ. ಅವಳಿಗೆ ಅದು ನಗುವ ಮಾತಾಗಿರಲಿಲ್ಲ. ಮಕ್ಕಳು ಕೈಬಿಟ್ಟರು ಅಂತ ಅವನೇನೋ ಹೇಳಿಬಿಟ್ಟ, ಆದರೆ ನಮ್ಮ ಕಡೆ ಅತ್ತೆ ಹಸಿದರೆ ಯಾರೂ ಮಗನನ್ನು ಕೇಳುವುದಿಲ್ಲ, ಸೊಸೆಯ ಮುಖಕ್ಕೆ ಉಗಿಯುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಪಕ್ಕದ ಮಷೀನಿನವಳು ಊಟದ ಡಬ್ಬಿ ಮುಚ್ಚಿಕೊಂಡು, ನಿಮ್ಮತ್ತೆಗೆ ಇಟ್ಟು ಬಂದ್ಯಾ ಅಂತ ಕೇಳಿದಳಂತೆ. ಅತ್ತಿಗೆಯ ತವರು ಕಾಮಸಮುದ್ರದ ಹತ್ತಿರ. ಅಲ್ಲಿಗೂ ವಿಡಿಯೋ ಮುಟ್ಟಿತ್ತು. ಅವಳ ಅಪ್ಪ ಬಸ್ಸು ಹತ್ತಿ ಬಂದರು, ಕೊಟ್ಟ ಕಾಫಿ ಮುಟ್ಟಲಿಲ್ಲ.

“ಡೈರಿಗೆ ಆಲು ಆಕೋಕೋದ್ರೆ ಜನ ಕೇಳ್ತವ್ರೆ ಕಣಮ್ಮ, ನಿನ್ ಮಗಳು ಅತ್ತೆನ ಉಪಾಸ ಕೆಡವ್ತಾಳಂತಲ್ಲ ಅಂತ. ಅಡಿಕೆಗೋದ ಮಾನ ಆನೆ ಕೊಟ್ರೂ ಬರಾಕಿಲ್ಲ. ನಾಕು ದಿನ ನನ್ ಮಗಳ್ನ ಕರ್ಕೊಂಡೋತೀನಿ” ಅಂದರು.

ಅತ್ತಿಗೆ ಬ್ಯಾಗು ತುಂಬಿಕೊಂಡಳು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಬಾಗಿಲಲ್ಲಿ ಅತ್ತಿಗೆ ನನ್ನ ಕಡೆ ತಿರುಗಿ, “ನಿನ್ ನೆಂಟ ಚೆನ್ನಾಗಿ ಉಂಡೋದ, ನಾನು ಅನುಭವಿಸ್ಬೇಕು” ಅಂದಳು. ಕರೆದುಕೊಂಡು ಬಂದವಳು ನಾನೇ ಆದ್ದರಿಂದ ತಲೆ ತಗ್ಗಿಸಿದೆ. ಆದರೆ ಉಂಡ ಮನೆಯ ಗಳ ಇರಿಯುವವನು ಅಂತ ಯಾರ ಹಣೆಯಲ್ಲಿ ಬರೆದಿರುತ್ತದೆ?

ಎರಡು ದಿನ ಕಳೆದ ಮೇಲೆ ಹೊಳೆಯಿತು ನನಗೆ. ರೈಡ್‌ನ ದಿನ ಅವನೇ ಹೇಳಿದ್ದ, ಎಡಿಟಿಂಗಿಗೆ ಬೇಕಾಗುತ್ತೆ, ನಿಮ್ಮ ಕ್ಯಾಮೆರಾ ಆಫ್ ಮಾಡಬೇಡಿ ಅಂತ. ನಾನು ಹೆಲ್ಮೆಟ್ ತೆಗೆದು ಕಿಟಕಿಯಲ್ಲಿಟ್ಟು ಬಡಿಸಲು ಹೋಗಿದ್ದೆ. ಅದರ ಕಾರ್ಡನ್ನು ಫೋನಿಗೆ ಹಾಕಿ ನೋಡಿದರೆ ಎಲ್ಲ ಇತ್ತು. ತಟ್ಟೆ ಮುಂದೆ ಕೂತ ಮಹಾಶಯ, ಅವನ ಕೈ, ಅವನ ಬಾಯಿ, ಬಡಿಸುತ್ತಿರುವ ದೊಡ್ಡಮ್ಮ, ಅವನು ಹೊಗಳಿದ ಒಂದೊಂದು ಮಾತು. ನಾನು ಕುಣಿದೇಬಿಟ್ಟೆ. ನನ್ನ ಚಾನೆಲ್‌ಗೆ ಈಗ ಜನ ಬೇರೆ ಇದ್ದಾರೆ, ಅವನೇ ಕಳಿಸಿದ ಜನ! ಅಣ್ಣ ಫೋನ್ ಕಿತ್ತುಕೊಂಡು ನೋಡಿ, “ಆಕ್ಬುಡು. ಈಗ್ಲೇ ಆಕ್ಬುಡು” ಅಂದ.

ದೊಡ್ಡಮ್ಮ ಹಾಲು ಕಾಯಿಸುತ್ತಿದ್ದವಳು ಬಂದು ಹಿಂದೆ ನಿಂತು ನೋಡಿದಳು. ಪೂರ್ತಿ ನೋಡಲೂ ಇಲ್ಲ. “ಮುಚ್ಚೇ ಅದನ್ನ” ಅಂದಳು.

“ಯಾಕ್ ದೊಡ್ಡಮ್ಮ? ನಿಜ ತಾನೆ ಇದು?”

“ನಿಜ ಆದ್ರೆ? ಮನೆಗೆ ಬಂದೋನು ಉಂಡಿದ್ದನ್ನ ಬೀದೀಲಿ ಇಟ್ಟು ತೋರುಸ್ತಾರೇನೆ? ಇಕ್ಕಿದ ಅನ್ನ ಆಡ್ಕೊಂಡ್ರೆ ಇಕ್ಕಿದ ಕೈಗೇ ಪಾಪ. ಎಷ್ಟು ಉಂಡ, ಯಂಗೆ ಉಂಡ ಅಂತ ಏಳ್ಕೊಂಡು ತಿರುಗೋ ಮನೆ ಅಲ್ಲ ಇದು.”

“ಅವನು ನಿನ್ನ ಭಿಕಾರಿ ಮಾಡವ್ನೆ! ಅತ್ತಿಗೆ ಮನೆ ಬಿಟ್ಟು ಓಗವ್ಳೆ!”

“ಅವಳನ್ನ ಕರ್ಕೊಂಬರೋದು ನಂಗ್ ಗೊತ್ತು. ನೀನು ಇದನ್ನೇನಾದ್ರೂ ಆಕಿದ್ರೆ ಈ ಮನೇಲಿ ಕೈ ತೊಳಿಬ್ಯಾಡ.”

ಕೈ ತೊಳೆಯಬೇಡ ಅಂದರೆ ಊಟಕ್ಕೆ ಬರಬೇಡ ಅಂತ. ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಮೇಲಿನ ಸಿಟ್ಟು ಒಂದು ತೂಕವಾದರೆ ಇವಳ ಮೇಲಿನದು ಎರಡು ತೂಕ. ಧರ್ಮರಾಯನ ತಂಗಿ! ಅವನಿಗಿಲ್ಲದ ನೀತಿ ನಮಗೆ ಮಾತ್ರ ಯಾಕೆ ಅಂತ ಕೂಗಾಡಿದೆ. ದೊಡ್ಡಮ್ಮ ಉಕ್ಕುತ್ತಿದ್ದ ಹಾಲು ಇಳಿಸಲು ಹೋದಳು.

ಮಾರನೆಯ ದಿನ ಬೆಳಕು ಹರಿಯುವಾಗ ಹೊಸ ಸೀರೆ ಉಟ್ಟು, “ನಡಿ, ಬೈಕ್ ತೆಗಿ” ಅಂದಳು. ಸೊಸೆಯನ್ನು ಕರೆಯಲು ಗಂಡ ಹೋಗಬೇಕು, ಹೆಚ್ಚೆಂದರೆ ಮಾವ. ಅತ್ತೆಯೇ ಬೀಗರ ಊರಿಗೆ ಹೋಗಿ ನಿಲ್ಲುವುದು ನಮ್ಮಲ್ಲಿ ತಲೆ ತಗ್ಗಿಸುವ ಕೆಲಸ. ನಾನು ಹೆಲ್ಮೆಟ್ ಹಾಕಿಕೊಂಡೆ. ಗಲ್ಲದ ಕ್ಯಾಮೆರಾ ತೋರಿಸಿ, “ಆ ಕಣ್ಣು ಕಿತ್ತಿಟ್ಟು ಬಾ” ಅಂದಳು. ಕಿತ್ತಿಟ್ಟೆ. ಹಿಂದೆ ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂತು, ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು, ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದಳು, ಅದೂ ಮೆಲ್ಲಗೆ ಓಡಿಸು ಅಂತ.

ಬೀಗರ ಮನೆಗೆ ಹೋಗಲಿಲ್ಲ ಅವಳು. ನೇರ ಡೈರಿಯ ಮುಂದೆ ಇಳಿದಳು. ಬೆಳಗಿನ ಹಾಲು ಅಳೆಯುವ ಹೊತ್ತು, ಕ್ಯಾನು ಹಿಡಿದ ಊರೇ ಸಾಲಿನಲ್ಲಿ ನಿಂತಿತ್ತು, ಬೀಗರೂ ಇದ್ದರು. ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ ಹಸಿದ ಅಜ್ಜಿ ಜರಿ ಅಂಚಿನ ಸೀರೆ ಉಟ್ಟು ಬೈಕಿನಿಂದ ಇಳಿದದ್ದು ನೋಡಿ ಸಾಲೆಲ್ಲ ಇತ್ತ ತಿರುಗಿತು.

“ನೋಡ್ರಪ್ಪಾ, ವಿಡಿಯೋದಲ್ಲಿ ಇರೋಳು ನಾನೇ” ಅಂದಳು ದೊಡ್ಡಮ್ಮ. “ನನ್ ಸೊಸೆ ಬೆಳಗ್ಗೆ ಎದ್ದು ನಂಗೆ ಮುದ್ದೆ ತೊಳಸಿಟ್ಟೇ ಕೆಲ್ಸಕ್ಕೋಗೋದು. ನಾನು ಉಣ್ಣದೆ ಅವಳು ಉಂಡಿದ್ದಿಲ್ಲ. ಅವಳಿಲ್ದೆ ಮೂರು ದಿನದಿಂದ ಮನೇಲಿ ಒಲೆ ಅತ್ತಿದ್ರೂ ಅನ್ನ ಒಳಗಿಳೀತಿಲ್ಲ. ಕಳಿಸ್ಕೊಡಿ, ಬೀಗ್ರೇ.”

ಬೀಗರು ಕ್ಯಾನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ವಿಡಿಯೋದವನಿಗೆ ತೆಲುಗಿನಲ್ಲಿ ಹಿಡಿ ಶಾಪ ಹಾಕಿದಳು, ನನ್ನ ಕಿವಿಗೆ ತಂಪಾಯಿತು. ಅತ್ತಿಗೆ ಆ ಸಂಜೆಯ ಬಸ್ಸಿಗೆ ಮನೆಗೆ ಬಂದಳು. ಒಂದು ಊರಿನ ಬಾಯಿ ಹೀಗೆ ಮುಚ್ಚಿತು.

ಉಳಿದದ್ದು? ಕಾಮಸಮುದ್ರಕ್ಕೆ ಬೈಕ್ ಹೋಗುತ್ತದೆ. ಆ ವಿಡಿಯೋ ನೋಡಿದ ಲಕ್ಷಾಂತರ ಜನರ ಮನೆ ಮುಂದೆ ದೊಡ್ಡಮ್ಮನನ್ನು ಹೇಗೆ ಇಳಿಸಲಿ? ನಾನು ಮಸ್ಕತ್ತಿಗೆ ಮರಳಿ ವರ್ಷವಾಗುತ್ತಾ ಬಂತು. ವಿಡಿಯೋ ಇನ್ನೂ ಓಡುತ್ತಿದೆ. ಗಾರ್ಮೆಂಟ್ಸ್‌ಗೆ ಹೊಸಬರು ಯಾರಾದರೂ ಸೇರಿದರೆ ಅತ್ತಿಗೆಯನ್ನು ಬೆರಳು ಮಾಡಿ ತೋರಿಸುತ್ತಾರಂತೆ. ಪಾಪಿ ಸೊಸೆ, ಇಂಥವಳಿಗೂ ಒಂದು ದಿನ ವಯಸ್ಸಾಗುತ್ತೆ ಅಂತ ನಿನ್ನೆಯೂ ಒಬ್ಬರು ಕೆಳಗೆ ಬರೆದಿದ್ದರು. ಅವನು ಬೇರೆ ಊರುಗಳಲ್ಲಿ ಬೇರೆ ಅಜ್ಜಿಯರನ್ನು ಹುಡುಕಿಕೊಂಡು ಸುಖವಾಗಿದ್ದಾನೆ. ನಾನು ಶುಕ್ರವಾರ ಬೈಕ್ ತೆಗೆಯುತ್ತೇನೆ, ಗುಡ್ಡ ಹತ್ತುತ್ತೇನೆ, ನಮ್ಮೂರ ಮಾತಿನಲ್ಲೇ ಮಾತಾಡುತ್ತೇನೆ. ಫೋನ್ ಮಾಡಿದಾಗೆಲ್ಲ ದೊಡ್ಡಮ್ಮ, “ಆಕಿಲ್ಲ ತಾನೆ?” ಅಂತ ಕೇಳುತ್ತಾಳೆ. ಇಲ್ಲ ಅನ್ನುತ್ತೇನೆ.

ಹಾಕಿಲ್ಲ, ಹಾಕುವುದೂ ಇಲ್ಲ. ಆದರೆ ಬರೆಯಬೇಡ ಅಂತ ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಪಾಪ ಬಂದರೆ ನನ್ನ ಕೈಗೇ ಬರಲಿ.

ಆವತ್ತು ಅವನು ಎರಡು ಮುದ್ದೆ ಉಂಡ. ಇದುಕಿದ ಬೇಳೆ ಸಾರನ್ನು ತಟ್ಟೆ ಎತ್ತಿ ಕುಡಿದ. ಮೂರನೆಯ ಮುದ್ದೆಯನ್ನು ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡ. ಅವನನ್ನು ಕಳಿಸಿ ನಾನು ಒಳಗೆ ಬಂದು, ನೀನಿನ್ನು ಉಣ್ಣು ದೊಡ್ಡಮ್ಮ ಅಂದೆ. ಪಾತ್ರೆಯ ತಳ ಕಾಣುತ್ತಿತ್ತು. “ನಂಗೇನೂ ಅಸಿವಿಲ್ಲ ಬಿಡೇ” ಅಂದಳು. ಒಂದು ಲೋಟ ಮಜ್ಜಿಗೆ ಕುಡಿದು, ಹಸುವಿಗೆ ಹುಲ್ಲು ಹಾಕಲು ಹೋದಳು.